ಇಳಿದೇ ಇದ್ದ ಧ್ವಜವನ್ನು ಮತ್ತೆ ಇಳಿಸುವುದು ಹೇಗೆ?

ಮೊದಲ ಮಹಾಯುದ್ಧ ನಿಂತ ದಿನವಾದ ನವೆಂಬರ್ 11ರಂದು ರಾಜಧಾನಿ ಒಟ್ಟಾವದ ಸಂಸತ್ ಭವನದ ಶಾಂತಿ ಗೋಪುರದ ಮೇಲಿನ ಧ್ವಜವನ್ನು ಅರ್ಧಮಟ್ಟಕ್ಕೆ ಇಳಿಸುವುದು ಕೆನಡಾದ ವಾಡಿಕೆ. ಆ ಗೋಪುರವೂ ಅದೇ ಯುದ್ಧದಲ್ಲಿ ಮಡಿದ 60 ಸಾವಿರಕ್ಕೂ ಹೆಚ್ಚು ಕೆನಡಿಯನ್ನರ ಸ್ಮಾರಕ. ಆದರೆ 2021ರ ನವೆಂಬರ್ ಸಮೀಪಿಸಿದಾಗ ಅಲ್ಲಿನ ಧ್ವಜ ಐದು ತಿಂಗಳಿಂದ ಇಳಿದೇ ಇತ್ತು.

ಅದಕ್ಕೆ ಕಾರಣ ಇನ್ನೊಂದು ಶೋಕ. ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ, ಅವರ ಭಾಷೆ ಮತ್ತು ನಡೆನುಡಿಗಳನ್ನು ಅಳಿಸುವ ಉದ್ದೇಶದಿಂದ ನಡೆಸಿದ ವಸತಿ ಶಾಲೆಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ದಶಕಗಳ ಕಾಲ ಬೆಳೆದರು. ಅವರಲ್ಲಿ ಸಾವಿರಾರು ಮಂದಿ ಮನೆಗೆ ಮರಳಲಿಲ್ಲ. ಕಾಮ್‌ಲೂಪ್ಸ್‌ನ ಅಂಥದೊಂದು ಶಾಲೆಯ ಆವರಣದಲ್ಲಿ ರೇಡಾರ್ ಶೋಧ ನಡೆಸಿದಾಗ ಸುಮಾರು 200 ಸಮಾಧಿಗಳು ಇರಬಹುದಾದ ಕುರುಹು ಸಿಕ್ಕಿದ ಸುದ್ದಿ 2021ರ ಮೇ ಕೊನೆಯಲ್ಲಿ ಹೊರಬಂತು. ಮೇ 30ರಂದು ಇಳಿದ ಧ್ವಜ ಜುಲೈ 1ರ ಕೆನಡಾ ದಿನದಂದೂ ಮೇಲೇರಲಿಲ್ಲ. ಮೂಲನಿವಾಸಿ ನಾಯಕರೊಂದಿಗೆ ಒಮ್ಮತಕ್ಕೆ ಬಾರದೆ ಅದನ್ನು ಏರಿಸುವುದಿಲ್ಲವೆಂದು ಪ್ರಧಾನಿ ಜಸ್ಟಿನ್ ಟ್ರೂಡೊ ತಿಳಿಸಿದ್ದರು. ಹೀಗಾಗಿ ಯೋಧರಿಗಾಗಿ ಧ್ವಜ ಇಳಿಸಬೇಕಾದ ದಿನ ಬಂದಾಗ ಇಳಿಸಲು ಏನೂ ಉಳಿದಿರಲಿಲ್ಲ.

ಈ ತೊಡಕು ಅರ್ಥವಾಗಬೇಕಾದರೆ ಪದ್ಧತಿಯ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಶೋಕದ ದಿನವೂ ಧ್ವಜವನ್ನು ನೇರವಾಗಿ ಅರ್ಧದವರೆಗೆ ಏರಿಸಿ ಕಟ್ಟುವಂತಿಲ್ಲ. ಮೊದಲು ಸ್ತಂಭದ ತುದಿ ಮುಟ್ಟಿಸಿ, ಆಮೇಲೆ ಅರ್ಧಕ್ಕೆ ತರಬೇಕು. ಸಂಜೆ ಪೂರ್ತಿ ಇಳಿಸುವ ಮುನ್ನ ಮತ್ತೊಮ್ಮೆ ತುದಿಗೆ ಒಯ್ಯಬೇಕು. ಕೆನಡಾದ ನಿಯಮವೂ ಭಾರತದ ಧ್ವಜ ಸಂಹಿತೆಯೂ ಇದನ್ನೇ ಹೇಳುತ್ತವೆ. ಶೋಕವನ್ನು ಸೂಚಿಸುವುದು ಧ್ವಜ ನಿಂತ ಎತ್ತರವಷ್ಟೇ ಅಲ್ಲ, ತುದಿಯಿಂದ ಕೆಳಗಿಳಿಯುವ ಆ ಚಲನೆಯೂ ಹೌದು ಎಂಬುದು ನನ್ನ ತಿಳಿವಳಿಕೆ.

ಈ ಪದ್ಧತಿ ಹುಟ್ಟಿದ್ದು ಕಡಲಿನಲ್ಲಿ. 1612ರಲ್ಲಿ ಗ್ರೀನ್‌ಲ್ಯಾಂಡ್ ತೀರದಲ್ಲಿ ಇಂಗ್ಲಿಷ್ ನಾವಿಕ ಜೇಮ್ಸ್ ಹಾಲ್ ಹತನಾದಾಗ ಅವನ ತಂಡದ 'ಹಾರ್ಟ್ಸ್ ಈಸ್' ಎಂಬ ಹಡಗು ಬಾವುಟವನ್ನು ಹಿಂಬದಿಯಲ್ಲಿ ಇಳಿಬಿಟ್ಟುಕೊಂಡು ಸಾಗಿದ್ದನ್ನೇ ಸಾಮಾನ್ಯವಾಗಿ ಅತಿ ಹಳೆಯ ದಾಖಲೆಯೆಂದು ಉಲ್ಲೇಖಿಸುತ್ತಾರೆ. ಹಾಲ್‌ನನ್ನು ಕೊಂದವರು ಅಲ್ಲಿನ ಮೂಲನಿವಾಸಿಗಳಾದ ಇನ್ಯೂಟ್ ಜನ. ಅದಕ್ಕೆ ಕೆಲವು ವರ್ಷಗಳ ಹಿಂದೆ ಅವರ ಬಂಧುಗಳನ್ನು ಅಪಹರಿಸಿ ಡೆನ್ಮಾರ್ಕಿಗೆ ಒಯ್ದ ಹಡಗುಗಳಲ್ಲಿ ಅವನೂ ಇದ್ದ. ಒಟ್ಟಾವದ ಚರ್ಚೆಯನ್ನು ಗಮನಿಸುವಾಗ ಈ ಸಂಗತಿಯನ್ನು ಬದಿಗಿಡಲು ನನಗೆ ಸಾಧ್ಯವಾಗುವುದಿಲ್ಲ.

ಯುದ್ಧದ ಸ್ಮರಣೆಗೆ ಈ ಪದ್ಧತಿ ಎಲ್ಲೆಡೆ ಒಂದೇ ಬಗೆಯಲ್ಲಿ ಕೂಡಿಕೊಳ್ಳಲಿಲ್ಲ. 1919ರ ನವೆಂಬರ್ 11ರಂದು ಐದನೆಯ ಜಾರ್ಜ್ ದೊರೆಯ ಕರೆಯಂತೆ ಬ್ರಿಟಿಷ್ ಸಾಮ್ರಾಜ್ಯದಾದ್ಯಂತ ಎರಡು ನಿಮಿಷ ಮೌನ ಆಚರಿಸಲಾಯಿತು. ಆದರೂ ಬ್ರಿಟನ್ನಿನ ಸರ್ಕಾರಿ ಕಟ್ಟಡಗಳ ಮೇಲೆ ಸ್ಮರಣೆಯ ಭಾನುವಾರದಂದು, ಅಂದರೆ ನವೆಂಬರ್ ತಿಂಗಳ ಎರಡನೆಯ ಭಾನುವಾರ, ಧ್ವಜ ಪೂರ್ಣಮಟ್ಟದಲ್ಲೇ ಹಾರುತ್ತದೆ. ಆಸ್ಟ್ರೇಲಿಯಾದಲ್ಲಿ ನವೆಂಬರ್ 11ರ ಬೆಳಿಗ್ಗೆ 10.30ಕ್ಕೆ ಅರ್ಧಕ್ಕಿಳಿದು, ಮೌನ ಮುಗಿಯುತ್ತಲೇ 11.02ಕ್ಕೆ ಮತ್ತೆ ತುದಿಗೇರುತ್ತದೆ. ನಮ್ಮಲ್ಲಿ ಜಲಿಯನ್‌ವಾಲಾ ಬಾಗ್ ಹುತಾತ್ಮರ ನೆನಪಿನ ರಾಷ್ಟ್ರೀಯ ಸಪ್ತಾಹದಲ್ಲಿ, ಅಂದರೆ ಏಪ್ರಿಲ್ 6ರಿಂದ 13ರವರೆಗೆ, ಗಣ್ಯರು ತೀರಿಕೊಂಡರೂ ಪಾರ್ಥಿವ ಶರೀರ ಇರುವ ಕಟ್ಟಡದ ಹೊರತು ಬೇರೆಡೆ ಧ್ವಜ ಇಳಿಸುವಂತಿಲ್ಲ. ರಾಜ್ಯ ರಚನೆಯ ದಿನಕ್ಕೂ ಇದೇ ನಿಯಮವಿರುವುದರಿಂದ ಕರ್ನಾಟಕದಲ್ಲಿ ಅದು ನವೆಂಬರ್ 1ಕ್ಕೂ ಅನ್ವಯಿಸುತ್ತದೆ.

ನವೆಂಬರ್ 11 ಎಂಬ ದಿನಾಂಕವೂ ಎಲ್ಲ ಸೈನಿಕರಿಗೆ ಯುದ್ಧದ ಕೊನೆಯಾಗಿರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ನಗರವನ್ನು ಗೆಲ್ಲುವಲ್ಲಿ ಪಾಲ್ಗೊಂಡ ಮೈಸೂರು ಲ್ಯಾನ್ಸರ್ಸ್ ಅಶ್ವದಳ ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ಮತ್ತೆ ಕಾದಿತು. ಅಕ್ಟೋಬರ್ 31ರಂದು ಟರ್ಕಿಯೊಂದಿಗಿನ ಕದನವಿರಾಮ ಜಾರಿಗೆ ಬಂದಾಗಲೇ ಅವರ ರಣರಂಗ ತಣ್ಣಗಾಯಿತು. ಆ ದಳದಲ್ಲಿ ಮಡಿದವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ.

ಒಟ್ಟಾವದಲ್ಲಿ ದಾರಿ ತೋರಿದ್ದು ನವೆಂಬರ್ 8. 1994ರಲ್ಲಿ ವಿನ್ನಿಪೆಗ್‌ನಲ್ಲಿ ಆರಂಭವಾದ ಮೂಲನಿವಾಸಿ ಯೋಧರ ದಿನವದು. ಮೊದಲ ಮಹಾಯುದ್ಧದಲ್ಲಿ ಕೆನಡಾದ ಪರ ಹೋರಾಡಿದ ಸಾವಿರಾರು ಮೂಲನಿವಾಸಿಗಳಿಗೆ ಆಗ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಸಾಮಾನ್ಯವಾಗಿ ಇರಲಿಲ್ಲ, ಅವರ ಸಮುದಾಯಗಳ ಮಕ್ಕಳು ಅವೇ ವಸತಿ ಶಾಲೆಗಳಲ್ಲಿದ್ದರು. ಯೋಧರಿಗಾಗಿನ ಶೋಕವನ್ನೂ ವಸತಿ ಶಾಲೆಗಳ ಮಕ್ಕಳಿಗಾಗಿನ ಶೋಕವನ್ನೂ ಒಂದಕ್ಕೊಂದು ಎದುರಾಳಿಯೆಂಬಂತೆ ನಿಲ್ಲಿಸಿದ ವಾದಗಳು ಈ ಯೋಧರನ್ನು ಮರೆತಿದ್ದವು. ನವೆಂಬರ್ 7ರ ಸೂರ್ಯಾಸ್ತಕ್ಕೆ ಧ್ವಜ ತುದಿಗೇರಿತು, ಮರುದಿನ ಮೂಲನಿವಾಸಿ ಯೋಧರಿಗಾಗಿ ಇಳಿಯಿತು, ಮತ್ತೆ ಏರಿ 11ರಂದು ಎಲ್ಲ ಯೋಧರಿಗಾಗಿ ಇಳಿಯಿತು. ವಸತಿ ಶಾಲೆಗಳ ಮಕ್ಕಳ ಸ್ಮರಣೆಗೆ ಈಗ ಸೆಪ್ಟೆಂಬರ್ 30 ಪ್ರತ್ಯೇಕ ದಿನ; ಅಂದೂ ಶಾಂತಿ ಗೋಪುರದ ಧ್ವಜವನ್ನು ಅರ್ಧಮಟ್ಟಕ್ಕೆ ಇಳಿಸುತ್ತಾರೆ.