ನೋವಿಲ್ಲದ ಹುಣ್ಣನ್ನು ನಂಬಬೇಡಿ

ಉರಿಮೂತ್ರಕ್ಕೆ ನಮ್ಮಲ್ಲಿ ಮೊದಲ ಮದ್ದು ಎಳನೀರು. ಆಮೇಲೆ ಬಾರ್ಲಿ ನೀರು, ಕಾಮಕಸ್ತೂರಿ ಬೀಜ. ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಎರಡು ದಿನದ ಮಾತ್ರೆ. ಇಷ್ಟೆಲ್ಲ ಮುಗಿಸಿ "ಉಷ್ಣ ಜಾಸ್ತಿ ಆಗಿದೆ ಡಾಕ್ಟ್ರೇ" ಅಂತ ಬರುವವರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಲೈಂಗಿಕ ಸಂಪರ್ಕದಿಂದ ಹರಡುವ ಗೊನೋರಿಯಾ ತಗುಲಿದ ಗಂಡಸಿಗೆ ಸಾಮಾನ್ಯವಾಗಿ ಒಂದು ವಾರದೊಳಗೆ ಕೀವು ಕಾಣಿಸಿಕೊಳ್ಳುತ್ತದೆ. ಆ ಉರಿ ಅವನನ್ನು ಸುಮ್ನೆ ಕೂರಲು ಬಿಡುವುದಿಲ್ಲ. ಚಿಂತೆ ಇರುವುದು ನೋವೇ ಇಲ್ಲದವರದ್ದು.

ಹಾಗೆಯೇ ಹರಡುವ ಸಿಫಿಲಿಸ್ ನೋಡಿ. ಸೋಂಕು ತಗುಲಿ ಸುಮಾರು ಮೂರು ವಾರಕ್ಕೆ, ಸಾಮಾನ್ಯವಾಗಿ ಗುಪ್ತಾಂಗದಲ್ಲಿ, ಒಂದು ಹುಣ್ಣು ಏಳುತ್ತದೆ. ಕೆಲವರಿಗೆ 10 ದಿನಕ್ಕೇ ಬರಬಹುದು, ಕೆಲವರಿಗೆ 90 ದಿನವೂ ಹಿಡಿಯಬಹುದು. ಹೆಚ್ಚಾಗಿ ಒಂದೇ ಹುಣ್ಣು, ಗಟ್ಟಿ ಅಂಚು, ಮುಟ್ಟಿದರೆ ನೋವಿಲ್ಲ. ಹೆಂಗಸರಿಗೆ ಗರ್ಭಕೋಶದ ಬಾಯಿಯ ಹತ್ತಿರ ಆದರೆ ಗೊತ್ತೇ ಆಗುವುದಿಲ್ಲ. ಯಾವುದೋ ಟ್ಯೂಬ್ ತಂದು ಹಚ್ಚುತ್ತಾರೆ, ಕೆಲವು ವಾರದಲ್ಲಿ ಹುಣ್ಣು ಮಾಯುತ್ತದೆ. ಹಚ್ಚದಿದ್ದರೂ ಮಾಯುತ್ತಿತ್ತು! ಆಮೇಲೆ ಒಂದೆರಡು ತಿಂಗಳಿಗೆ ಮೈಮೇಲೆ, ಅಂಗೈ ಅಂಗಾಲಿನಲ್ಲಿ ತುರಿಕೆಯಿಲ್ಲದ ಕಲೆಗಳು. ಅಲರ್ಜಿ ಇರಬೇಕು ಅಂತ ಸೆಟ್ರಿಜಿನ್ ನುಂಗುತ್ತಾರೆ. ಅದೂ ತಾನಾಗಿಯೇ ಹೋಗುತ್ತದೆ. ಕಾಯಿಲೆ ಮಾತ್ರ ಒಳಗೇ ಉಳಿದಿರುತ್ತದೆ. ವರ್ಷಗಳಾದ ಮೇಲೆ ಮಿದುಳು, ಹೃದಯದ ರಕ್ತನಾಳಕ್ಕೆ ಕೈಹಾಕಬಹುದು. ಗರ್ಭಿಣಿಯಿಂದ ಮಗುವಿಗೂ ದಾಟುತ್ತದೆ. ಬಸುರಿಯರಿಗೆ ಎಚ್‌ಐವಿ ಜೊತೆ ಸಿಫಿಲಿಸ್ ಪರೀಕ್ಷೆಯನ್ನೂ ಮಾಡುವುದು ಇದಕ್ಕೇ. ಅದನ್ನು ಕಂಡು ಮುನಿಸಿಕೊಳ್ಳುವ ಅತ್ತೆಯರಿದ್ದಾರೆ. ಎಲ್ಲರಿಗೂ ಮಾಡುವ ಟೆಸ್ಟ್ ಅಮ್ಮ ಅದು, ನಿಮ್ಮ ಸೊಸೆಗೆ ಮಾತ್ರ ಅಲ್ಲ.

ಅಪಾಯ ಯಾರಿಗೆ ಜಾಸ್ತಿ? ಹೊಸ ಸಂಗಾತಿ, ಒಬ್ಬರಿಗಿಂತ ಹೆಚ್ಚು ಸಂಗಾತಿಗಳು, ಕಾಂಡೋಮ್ ಇಲ್ಲದ ಸಂಪರ್ಕ, ಹಿಂದೊಮ್ಮೆ ಇಂಥದ್ದೇ ಕಾಯಿಲೆ ಬಂದಿರುವುದು, ಕುಡಿದ ಅಮಲು. ಈ ಪಟ್ಟಿ ಬಹಳ ಜನರಿಗೆ ಗೊತ್ತು. ಪಟ್ಟಿಯಲ್ಲಿ ತಪ್ಪಿಹೋಗುವವಳು ಗಂಡನೊಬ್ಬನನ್ನೇ ಬಲ್ಲ ಹೆಂಡತಿ. ಅವಳಿಗೆ ಸೋಂಕು ತಗುಲುವುದು ಗಂಡನ ಬೇರೆ ಸಂಬಂಧಗಳಿಂದ. "ನಿಮಗೆ ಬೇರೆ ಯಾರಾದರೂ ಇದ್ದಾರಾ" ಅಂತಷ್ಟೇ ಕೇಳಿ ಬಿಟ್ಟರೆ ಅವಳ ಕಾಯಿಲೆ ಸಿಗುವುದೇ ಇಲ್ಲ. ಗಂಡಸರ ಜೊತೆ ಸಂಬಂಧ ಇರುವ ಗಂಡಸರೂ ನಮ್ಮ ಮುಂದೆ ಬಾಯಿ ಬಿಡುವುದು ಕಷ್ಟ. ಹೇಳಿದರೆ ಗಂಟಲು, ಗುದದ ಪರೀಕ್ಷೆಯನ್ನೂ ಮಾಡಬಹುದು. ಇಲ್ಲಿ ಕೇಳಲು ಮುಜುಗರಪಡುವ ಡಾಕ್ಟರದ್ದೇ ತಪ್ಪು ಜಾಸ್ತಿ ಅಂತ ನನ್ನ ಲೆಕ್ಕ. ಇನ್ನು ಟಾಯ್ಲೆಟ್ ಸೀಟಿನಿಂದ ಬಂತು ಅನ್ನುವ ಕಥೆಯನ್ನು ನಾವು ಕೇಳಿಸಿಕೊಳ್ಳುತ್ತೇವೆ, ಅಷ್ಟೇ.

ಬಿಳಿ ಸೆರಗು ಕಂಡ ಕೂಡಲೇ ಗಂಡನ ಮೇಲೆ ಅನುಮಾನ ಪಡುವುದೂ ಬೇಡ. ಫಂಗಸ್‌ನಿಂದ ಆಗುವ ಮೊಸರಿನಂಥ ಸ್ರಾವ ಸಕ್ಕರೆ ಕಾಯಿಲೆ ಇದ್ದವರಿಗೆ, ಆಂಟಿಬಯಾಟಿಕ್ ತಿಂದವರಿಗೆ ಹಾಗೆಯೇ ಬರಬಹುದು. ಸ್ರಾವದ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಷ್ಟೋ ವಿಷಯ ಅಲ್ಲೇ ಗೊತ್ತಾಗುತ್ತದೆ. ಸಂಪರ್ಕದಿಂದ ಹರಡುವ ಕ್ಲಾಮಿಡಿಯಾ ಸೋಂಕು ಹಾಗಲ್ಲ. ಹೆಚ್ಚಿನ ಹೆಂಗಸರಿಗೆ ಯಾವ ಲಕ್ಷಣವೂ ಇರುವುದಿಲ್ಲ, ಹಿಡಿಯಲು ಪಿಸಿಆರ್ ಥರದ ಟೆಸ್ಟೇ ಬೇಕು. ಬಿಟ್ಟರೆ ಗರ್ಭನಾಳ ಕಟ್ಟಿಕೊಂಡು ಮಕ್ಕಳಾಗುವುದು ಕಷ್ಟವಾಗಬಹುದು.

ಟೆಸ್ಟಿನ ವಿಷಯದಲ್ಲಿ ಜನ ಎಡವುವುದು ದಿನದ ಲೆಕ್ಕದಲ್ಲಿ. ಮೊನ್ನೆ ಸಂಪರ್ಕ, ಇವತ್ತು ರಕ್ತ ಕೊಟ್ಟು 'ನೆಗೆಟಿವ್' ಅಂತ ನಿಟ್ಟುಸಿರು. ಹುಣ್ಣು ಎದ್ದ ಮೊದಲ ದಿನಗಳಲ್ಲಿ ಕೂಡ ಸಿಫಿಲಿಸ್ ಹುಡುಕುವ ರಕ್ತಪರೀಕ್ಷೆಯಾದ ವಿಡಿಆರ್‌ಎಲ್ ನೆಗೆಟಿವ್ ಬರಬಹುದು. ಎಚ್‌ಐವಿಗೆ ಆಂಟಿಜನ್ (ವೈರಸ್ಸಿನ ಭಾಗ), ಆಂಟಿಬಾಡಿ (ಅದರ ವಿರುದ್ಧ ದೇಹ ಮಾಡುವ ಪ್ರತಿಕಾಯ) ಎರಡನ್ನೂ ಹುಡುಕುವ ಲ್ಯಾಬ್ ಟೆಸ್ಟ್ ಆದರೆ 45 ದಿನ, ಬೆರಳು ಚುಚ್ಚಿ ಮಾಡುವ ಕಿಟ್ ಆದರೆ 90 ದಿನ ಕಾಯಬೇಕು. ಆದರೆ ಭಯ ಎಚ್‌ಐವಿಯದ್ದಾದರೆ ಟೆಸ್ಟಿಗೆ ಕಾಯುತ್ತಾ ಕೂರಬೇಡಿ. 72 ಗಂಟೆಯೊಳಗೆ ಬಂದರೆ ಸೋಂಕು ತಡೆಯುವ ಮಾತ್ರೆ ಶುರು ಮಾಡಬಹುದು.

ಉಲ್ಟಾ ಗಾಬರಿಯೂ ಇದೆ. ವಿಡಿಆರ್‌ಎಲ್ ಸಣ್ಣ ಮಟ್ಟದಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ಸಿಫಿಲಿಸ್ ಅಲ್ಲ. ಬಸಿರು, ಲೂಪಸ್ (ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ತಿರುಗುವ ಕಾಯಿಲೆ), ಕುಷ್ಠರೋಗದಲ್ಲೂ ಹಾಗೆ ಬರುವುದುಂಟು. ಟಿಪಿಎಚ್‌ಎ ಎಂಬ ಇನ್ನೊಂದು ರಕ್ತಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳಬೇಕು. ಆ ಟಿಪಿಎಚ್‌ಎ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಇರುತ್ತದೆ, ವಾಸಿಯಾದ ಮೇಲೂ. ಗುಣವಾಯಿತಾ ಅಂತ ನೋಡಲು ವಿಡಿಆರ್‌ಎಲ್ ಮಟ್ಟ ಇಳಿಯಬೇಕು, 1:32 ಇದ್ದದ್ದು ನಾಲ್ಕು ಪಟ್ಟು ಇಳಿದು 1:8ಕ್ಕೆ. ಪ್ಯಾಕೇಜ್‌ಗಳಲ್ಲಿ ಲ್ಯಾಬ್‌ನವರು ಸೇರಿಸುವ, ಗುಪ್ತಾಂಗದಲ್ಲಿ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸಿನ ಐಜಿಜಿ (ಪ್ರತಿಕಾಯ) ಟೆಸ್ಟ್ ಮಾತ್ರ, ಗುಳ್ಳೆ ಇಲ್ಲದವರಿಗೆ, ದುಡ್ಡು ಕೊಟ್ಟು ನಿದ್ದೆ ಕೆಡಿಸಿಕೊಳ್ಳುವ ಕೆಲಸ.

ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲಕ್ಷಣ ನೋಡಿ ಆ ದಿನವೇ ಅದಕ್ಕೆ ತಕ್ಕ ಬಣ್ಣದ ಕಿಟ್‌ನಲ್ಲಿ ಮಾತ್ರೆ ಕೊಡುತ್ತಾರೆ, ದುಡ್ಡಿಲ್ಲದೆ. ಒಳ್ಳೆಯ ವ್ಯವಸ್ಥೆ. ಆದರೆ ಲಕ್ಷಣ ಇಲ್ಲದವರಿಗೆ ಯಾವ ಬಣ್ಣದ ಕಿಟ್ಟೂ ಇಲ್ಲ, ಅವರಿಗೆ ಟೆಸ್ಟೇ ದಾರಿ. ಹೋಗುವ ಮುಂಚೆ ಕೇಳಿಕೊಳ್ಳಬೇಕಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಬಹುದು, ಹೆಸರು ಹೇಳಬೇಕಿಲ್ಲ.

ಶುರುವಿನ ಸಿಫಿಲಿಸ್‌ಗೆ 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಒಂದೇ ಸಲ ಸಾಕು. ಕಷ್ಟ ಇರುವುದು ಮನೆಯಲ್ಲಿ ಹೇಳುವುದು. "ಹೆಂಡ್ತಿಗೆ ಗೊತ್ತಾಗದ ಹಾಗೆ ಮಾಡಿ ಡಾಕ್ಟ್ರೇ" ಅನ್ನುವವರೇ ಜಾಸ್ತಿ. ಬೇಕಿದ್ದರೆ ನಿಮ್ಮ ಪರವಾಗಿ ನಾನೇ ವಿವರಿಸುತ್ತೇನೆ, ಆದರೆ ಕರೆದುಕೊಂಡು ಬರಲೇಬೇಕು ಅಂತ ಹೇಳುತ್ತೇನೆ. ಕಳೆದ 90 ದಿನದಲ್ಲಿ ಸಂಪರ್ಕ ಆಗಿದ್ದರೆ, ಅವರ ರಿಪೋರ್ಟ್ ನೆಗೆಟಿವ್ ಬಂದರೂ ಇಂಜೆಕ್ಷನ್ ಕೊಡುತ್ತೇವೆ. ಆ ರಕ್ತ ಇನ್ನೂ ಹೇಳುವ ಹೊತ್ತಾಗಿರಲಿಕ್ಕಿಲ್ಲ.