ಹದ ಕೊಡುವುದು ಅಂದರೆ ಏನು?

ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲೋ ನೀರಲ್ಲೋ ಅದ್ದಿದರೆ ಗಟ್ಟಿಯಾಗುತ್ತದೆ. ಅಷ್ಟಕ್ಕೇ ಬಿಟ್ಟರೆ, ಮನೆಯಲ್ಲಿ ಮಾಡಿಕೊಂಡ ಚಾಣ ಸುತ್ತಿಗೆ ಏಟಿಗೆ ಹಪ್ಪಳದ ಹಾಗೆ ಮುರಿಯುತ್ತದೆ. ಅದಕ್ಕೇ ಗಟ್ಟಿಯಾದ ಉಕ್ಕನ್ನು ಮತ್ತೊಮ್ಮೆ, ಈ ಸಲ ಹಗುರವಾಗಿ ಕಾಯಿಸಬೇಕು. ಗಡಸುತನ ಸ್ವಲ್ಪ ಇಳಿಯುತ್ತದೆ, ಏಟು ತಡೆಯುವ ಶಕ್ತಿ ಬರುತ್ತದೆ. ಇದೇ ಹದ ಕೊಡುವುದು. ವರ್ಕ್‌ಶಾಪಿನವರು ಟೆಂಪರ್ ಎನ್ನುತ್ತಾರೆ.

ಎಲ್ಲ ಕಬ್ಬಿಣಕ್ಕೂ ಇದು ನಡೆಯುವುದಿಲ್ಲ. ಇಂಗಾಲ ಬೇಕು. ಗೇಟು, ಗ್ರಿಲ್ ಮಾಡುವ ಎಂ.ಎಸ್.ನಲ್ಲಿ (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಅದು ಶೇ. 0.2ರ ಆಸುಪಾಸು ಇರುತ್ತದೆ. ಎಷ್ಟು ಕಾಯಿಸಿ ಅದ್ದಿದರೂ ಚಾಣಕ್ಕೆ ಬೇಕಾದ ಗಡಸು ಬರುವುದಿಲ್ಲ. ಲಾರಿಯ ಲೀಫ್ ಸ್ಪ್ರಿಂಗಿನಲ್ಲಿ ಶೇ. 0.5ರಿಂದ 0.6, ಒಳ್ಳೆಯ ಹಳೆ ಅರದಲ್ಲಿ ಶೇ. 1ರಷ್ಟು. ಅದಿರಿನ ಲಾರಿಗಳು ಓಡಾಡುವ ಸಂಡೂರು, ಬಳ್ಳಾರಿ ಕಡೆ ಹವ್ಯಾಸಿಗಳು ಗುಜರಿಯಲ್ಲಿ ಮೊದಲು ಹುಡುಕಬೇಕಾದ್ದು ಈ ಸ್ಪ್ರಿಂಗ್ ತುಂಡನ್ನೇ. ಅನುಮಾನ ಇದ್ದರೆ ಗ್ರೈಂಡರಿಗೆ ಹಿಡಿಯಿರಿ. ಎಂ.ಎಸ್.ನ ಕಿಡಿ ಉದ್ದಕ್ಕೆ ನೇರ ಹೋಗುತ್ತದೆ. ಇಂಗಾಲ ಜಾಸ್ತಿ ಇದ್ದರೆ ಕಿಡಿ ತುದಿಯಲ್ಲಿ ಒಡೆದು ನಕ್ಷತ್ರದಂತೆ ಚೆಲ್ಲುತ್ತದೆ.

ಅದ್ದುವ ಮೊದಲು ಎಷ್ಟು ಕಾಯಿಸಬೇಕು? ಅಯಸ್ಕಾಂತ ಹೇಳುತ್ತದೆ. ಸುಮಾರು 770 ಡಿಗ್ರಿ ದಾಟಿದ ಮೇಲೆ ಅದು ಉಕ್ಕಿಗೆ ಅಂಟುವುದಿಲ್ಲ. ಅಲ್ಲಿಂದ ಇನ್ನೊಂಚೂರು ಕಾಯಿಸಿ ಅದ್ದಿ. ಸ್ಪ್ರಿಂಗ್ ಉಕ್ಕಿಗೆ ಎಣ್ಣೆಯೇ ಸರಿ, ನೀರಲ್ಲಿ ಬಿರುಕು ಬಿಡುವ ಭಯ ಇದೆ. ಬೆಚ್ಚಗಿನ ಎಣ್ಣೆ ತೆಳ್ಳಗಿದ್ದು ಬೇಗ ತಣಿಸುತ್ತದೆ. ಮೇ ತಿಂಗಳ ರಾಯಚೂರಿನಲ್ಲಿ ಆ ಕೆಲಸ ಅರ್ಧ ಬಿಸಿಲೇ ಮಾಡಿಟ್ಟಿರುತ್ತದೆ. ಆದರೆ ಆ ಬಿಸಿಲಲ್ಲಿ ನಿಂತು ಉಕ್ಕು ಕಾಯಿಸಬೇಡಿ, ಕೆಂಪು ಕಾಣುವುದೇ ಇಲ್ಲ, ನೆರಳು ಬೇಕು. ಎಣ್ಣೆಗೆ ಬೆಂಕಿ ಹತ್ತಬಹುದು. ತಗಡಿನ ಡಬ್ಬಿ, ಮುಚ್ಚಳ, ಉದ್ದನೆಯ ಇಕ್ಕಳ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಹದಕ್ಕೆ ಮಾತ್ರ ಹಗಲಿನ ಬೆಳಕೇ ಬೇಕು, ಏಕೆಂದರೆ ಅಲ್ಲಿ ನೋಡಬೇಕಾದ್ದು ಬಣ್ಣ. ಗಟ್ಟಿಯಾದ ತುಂಡನ್ನು ಎಮರಿ ಕಾಗದದಲ್ಲಿ ಉಜ್ಜಿ ಹೊಳೆಯುವಂತೆ ಮಾಡಿ ನಿಧಾನವಾಗಿ ಕಾಯಿಸಿದರೆ ಮೇಲೆ ತೆಳುವಾದ ಆಕ್ಸೈಡ್ ಪೊರೆ ಕಟ್ಟುತ್ತದೆ. ಪೊರೆ ದಪ್ಪವಾದಂತೆ ಬಣ್ಣ ಬದಲಾಗುತ್ತದೆ: ಸುಮಾರು 210 ಡಿಗ್ರಿಗೆ ತೆಳು ಹುಲ್ಲಿನ ಹಳದಿ, 255ಕ್ಕೆ ಕಂದು, 275ಕ್ಕೆ ನೇರಳೆ, 300ಕ್ಕೆ ನೀಲಿ. ಗೀರು ಹಾಕುವ ಮುಳ್ಳಿಗೆ, ಕೆರೆಯುವ ಉಪಕರಣಕ್ಕೆ ಹಳದಿ ಸಾಕು. ಏಟು ತಿನ್ನುವ ಚಾಣಕ್ಕೆ ನೇರಳೆ. ಸ್ಪ್ರಿಂಗಿನ ಥರ ಬಾಗಬೇಕಾದರೆ ನೀಲಿ. ಕೇಕ್ ಮಾಡುವ ಓವನ್‌ನಲ್ಲಿ 200 ಡಿಗ್ರಿಗೆ ಇಟ್ಟೂ ಹಳದಿ ಹದ ಕೊಡಬಹುದು, ಮನೆಯವರು ಒಪ್ಪಿದರೆ. ಚಾಣದ ಹದಕ್ಕೆ ಆ ಓವನ್‌ನ ಕಾವು ಸಾಮಾನ್ಯವಾಗಿ ಸಾಲುವುದಿಲ್ಲ.

ಕಮ್ಮಾರರು ಚಾಣಕ್ಕೆ ಎರಡು ಸಲ ಒಲೆ ಹಚ್ಚುವುದಿಲ್ಲ. ಕೆಂಪಗಾದ ಚಾಣದ ತುದಿಯನ್ನಷ್ಟೇ ಅದ್ದಿ ತೆಗೆಯುತ್ತಾರೆ, ತಕ್ಷಣ ಕಲ್ಲಿಗೆ ಉಜ್ಜುತ್ತಾರೆ. ಹಿಂದಿನ ಭಾಗದಲ್ಲಿ ಉಳಿದ ಕಾವು ಮುಂದಕ್ಕೆ ಹರಿಯುತ್ತದೆ. ಹಳದಿ, ಕಂದು, ನೇರಳೆ ಒಂದರ ಹಿಂದೆ ಒಂದು ತುದಿಯ ಕಡೆ ಸರಿಯುತ್ತವೆ. ನೇರಳೆ ತುದಿ ಮುಟ್ಟಿದ ಕೂಡಲೇ ಪೂರ್ತಿ ಮುಳುಗಿಸುತ್ತಾರೆ. ಬಣ್ಣ ಓಡುವ ವೇಗ ನೋಡಿದರೆ ಗಾಬರಿಯಾಗುತ್ತದೆ, ಅಭ್ಯಾಸ ಬೇಕು.

ತೋರಣಗಲ್ಲಿನ ಜಿಂದಾಲ್‌ನಲ್ಲಿ ಟಿಎಂಟಿ ಕಂಬಿ ತಯಾರಾಗುವುದೂ ಇದೇ ಉಪಾಯದ ಮೇಲೆ. ರೋಲಿಂಗ್ ಮುಗಿಸಿ ಕೆಂಪಗೆ ಬರುವ ಕಂಬಿಗೆ ಜೋರಾಗಿ ನೀರು ಹಾಯಿಸುತ್ತಾರೆ. ಹೊರಪದರ ಥಟ್ಟನೆ ಗಟ್ಟಿಯಾಗುತ್ತದೆ. ನೀರು ದಾಟಿದ ಮೇಲೆ ತಿರುಳಿನ ಕಾವು ಹೊರಗೆ ಬಂದು ಆ ಪದರಕ್ಕೆ ಹದ ಕೊಡುತ್ತದೆ. ಹಾಗಂತ ಮನೆ ಕಟ್ಟಿ ಉಳಿದ ಕಂಬಿಯಿಂದ ಚಾಣ ಮಾಡಲು ಹೋಗಬೇಡಿ. ಅದರಲ್ಲಿ ಇಂಗಾಲ ಕಮ್ಮಿ, ಗಟ್ಟಿ ಪದರ ಹೊರಗಷ್ಟೇ. ಗ್ರೈಂಡ್ ಮಾಡಿದರೆ ಅದೂ ಹೋಗುತ್ತದೆ.

ಗ್ರೈಂಡರಿನ ವಿಷಯದಲ್ಲಿ ಇನ್ನೊಂದು. ಹದ ಕೊಟ್ಟ ಚಾಣವನ್ನು ಮಸೆಯುವಾಗ ಅಂಚು ನೀಲಿಯಾದರೆ ಅಲ್ಲಿ ಹದ ಕೆಟ್ಟಿತು ಅಂತಲೇ ಲೆಕ್ಕ. ಪಕ್ಕದಲ್ಲಿ ನೀರಿಟ್ಟುಕೊಂಡು ಪದೇ ಪದೇ ಅದ್ದಿ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್ ಬಿಟ್‌ಗೆ ಈ ಚಿಂತೆ ಅಷ್ಟಿಲ್ಲ, ಸುಮಾರು 600 ಡಿಗ್ರಿಯವರೆಗೂ ಅದು ಗಡಸು ಬಿಡುವುದಿಲ್ಲ.