ಕಥೆ ಜಪಾನ್‌ದು, ಆರ್ಕೆಸ್ಟ್ರಾ ಮಾತ್ರ ಪಾಶ್ಚಾತ್ಯದ್ದು, ಯಾಕೆ?

ಪ್ರಶ್ನೆ: ಶೇಕ್ಸ್‌ಪಿಯರ್‌ನ ನಾಟಕ ಇಟ್ಕೊಂಡು ಬ್ರಾನಾ ಮಾಡಿರೋ 'ಆ್ಯಸ್ ಯು ಲೈಕ್ ಇಟ್' ಸಿನಿಮಾ ನೋಡ್ದೆ. ಕಥೆ ನಡೆಯೋದು ಜಪಾನ್‌ನಲ್ಲಿ, ಆದ್ರೆ ಹಿನ್ನೆಲೆ ಸಂಗೀತದಲ್ಲಿ ಪಾಶ್ಚಾತ್ಯ ಆರ್ಕೆಸ್ಟ್ರಾದ್ದೇ ಕಾರುಬಾರು. ಆದ್ರೂ ಅಲ್ಲಲ್ಲಿ ಜಪಾನ್ ಅನ್ಸತ್ತಲ್ಲ, ಅದು ಹೆಂಗೆ?

ಉತ್ತರ: ಆ ಸಿನಿಮಾದಲ್ಲಿ ಮುಖ್ಯವಾಗಿ ಇರೋರು ಜಪಾನಿಗಳೇ ಅಲ್ವಲ್ಲ. ಕೆನೆತ್ ಬ್ರಾನಾ 2006ರಲ್ಲಿ ಇದನ್ನ ಮಾಡ್ವಾಗ ಶೇಕ್ಸ್‌ಪಿಯರ್‌ನ ಡ್ಯೂಕು, ರೋಸಲಿಂಡು, ಒರ್ಲಾಂಡೊ ಎಲ್ಲಾರ್ನೂ ತಗೊಂಡೋಗಿ 19ನೇ ಶತಮಾನದ ಜಪಾನ್‌ನಲ್ಲಿ ವ್ಯಾಪಾರಕ್ಕೆ ಬೀಡುಬಿಟ್ಟಿದ್ದ ಇಂಗ್ಲಿಷರ ಮಧ್ಯೆ ಇಟ್ಬಿಟ್ರು. ಶುರುನಲ್ಲೇ ಕಬುಕಿ ಅನ್ನೋ ಜಪಾನಿ ನಾಟಕ ಇದೆ, ಕುಸ್ತಿ ಸುಮೋ ಆಗಿದೆ, ಆದ್ರೆ ಕಾಡಿನ ಶೂಟಿಂಗ್ ಆಗಿದ್ದು ಇಂಗ್ಲೆಂಡ್‌ನ ಸಸೆಕ್ಸ್‌ನಲ್ಲಿರೋ ವೇಕ್‌ಹರ್ಸ್ಟ್ ಅನ್ನೋ ತೋಟದಲ್ಲಿ! ಸೋ ಸ್ಕಾಟ್‌ಲ್ಯಾಂಡ್‌ನ ಪ್ಯಾಟ್ರಿಕ್ ಡಾಯ್ಲ್ ಅವರ ಸಂಗೀತ ಪರಊರಲ್ಲಿ ಕೂತವರ ಸಂಗೀತ ಥರ ಕೇಳ್ಸೋದು ನಂಗಂತೂ ಸರಿ ಅನ್ಸತ್ತೆ.

ಇನ್ನು ಆ ಜಪಾನ್ ಫೀಲ್ ಎಲ್ಲಿಂದ ಬರತ್ತೆ ಅಂದ್ರೆ, ಈ ಥರದ ಯಾವ ಹಿನ್ನೆಲೆ ಸಂಗೀತದಲ್ಲಾದ್ರೂ ಅರ್ಧ ಕೆಲಸ ಸ್ವರಗಳದ್ದು. ಮನೇಲಿ ಕೀಬೋರ್ಡ್ ಇದ್ರೆ ಬರೀ ಬಿಳಿ ಮನೆಗಳಲ್ಲಿ ಈ, ಎಫ್, ಎ, ಬಿ, ಸಿ ಅಂತ ಒತ್ತಿ ನೋಡಿ, ಜಪಾನಿನಲ್ಲಿ ಈ ಐದು ಸ್ವರಗಳ ಸಾಲಿಗೆ ಮಿಯಾಕೊ-ಬುಶಿ ಅಂತಾರೆ. ಈಗ 'ಈ'ನ ಸ ಅಂದ್ಕೊಳ್ಳಿ, ಸ ರಿ ಮ ಪ ದ, ಕರ್ನಾಟಕ ಸಂಗೀತದ ಲೆಕ್ಕದಲ್ಲಿ ರಿ ದ ಎರಡೂ ಶುದ್ಧ. ಹೌದು, ನಮ್ಮ ಮಲಹರಿ ರಾಗದ ಆರೋಹಣ, ಅಂದ್ರೆ ಸ್ವರ ಏರೋ ಕ್ರಮ! ಸಂಗೀತ ಕ್ಲಾಸಿಗೆ ಹೋದೋರೆಲ್ಲ ಪುರಂದರದಾಸರ 'ಶ್ರೀ ಗಣನಾಥ'ನ 'ಮಪ ದಸಸರಿ' ಅಂತ ಶುರು ಮಾಡಿರ್ತೀರಲ್ಲ, ಅದೇ ಸ್ವರಗಳಲ್ಲಿ 'ಮಮಪ, ಮಮಪ, ಮಪದಪ' ಅಂತ ನುಡಿಸಿದ್ರೆ ಜಪಾನಿನ 'ಸಕುರಾ ಸಕುರಾ' ಹಾಡು ಬಂದ್ಬಿಡತ್ತೆ. ನಾನು ಇದನ್ನ ಮೊದಲ ಸಲ ನುಡಿಸಿ ನೋಡ್ದಾಗ ಐದು ನಿಮಿಷ ಸುಮ್ನೆ ನಗ್ತಾ ಕೂತಿದ್ದೆ.

ಹಂಗಾದ್ರೆ ಮಲಹರಿ ಯಾಕೆ ಜಪಾನ್ ಥರ ಕೇಳ್ಸಲ್ಲ ಅಂತೀರಾ? ಅವರೋಹಣದಲ್ಲಿ, ಅಂದ್ರೆ ಇಳಿಯೋವಾಗ, ಗ ಬರತ್ತೆ, ಅದೊಂದು, ಆಮೇಲೆ ಮುಖ್ಯವಾಗಿ ನುಡಿಸೋ ರೀತಿನೇ ಬೇರೆ. ಕೊಟೊ ಅಂತ ಒಂದು ವಾದ್ಯ ಇದೆ, 13 ತಂತಿ, ಪ್ರತಿ ತಂತಿಗೂ ಜರುಗಿಸೋಕೆ ಬರೋ ಒಂದೊಂದು ಕುದುರೆ (ತಂತಿನ ಎತ್ತಿ ಹಿಡಿಯೋ ಪುಟ್ಟ ಆಸರೆ), ಬಲಗೈ ಮೂರು ಬೆರಳಿಗೆ ಉಗುರಿನಂಥ ಮೀಟುಕ ಹಾಕ್ಕೊಂಡು ಮೀಟ್ತಾರೆ, ಮೀಟಿದ್ಮೇಲೆ ಕುದುರೆಯ ಆಚೆ ಕಡೆ ಎಡಗೈಯಲ್ಲಿ ತಂತಿ ಒತ್ತಿದ್ರೆ ಸ್ವರ ಮೆಲ್ಲಗೆ ಮೇಲಕ್ಕೆ ಬಾಗತ್ತೆ, ಆಮೇಲೆ ಮುಂದಿನ ಸ್ವರಕ್ಕೆ ಅವಸರ ಇಲ್ಲ. ಆ ಖಾಲಿ ಜಾಗಕ್ಕೆ ಅವರು 'ಮಾ' ಅಂತಾರೆ. ಪಿಟೀಲು ಆರ್ಕೆಸ್ಟ್ರಾಗೆ ಸ್ವರ ಬಾಗಿಸೋದು ಸುಲಭ, ಸುಮ್ನಿರೋದೇ ಕಷ್ಟ, ಅದಕ್ಕೇ ಎಷ್ಟೋ ಸಿನಿಮಾಗಳಲ್ಲಿ ಮೇಲೆ ಒಂದು ಬಿದಿರಿನ ಕೊಳಲು ಅಂಟಿಸಿ ಜಪಾನ್ ಮುಗೀತು ಅಂತ ಕೈತೊಳ್ಕೊತಾರೆ.

ಹಾಡುಗಳ ಕಥೆ ಬೇರೆ. ಈ ನಾಟಕದಲ್ಲೇ ಐದು ಹಾಡಿದೆ, ಸಾಲುಗಳೆಲ್ಲ ಶೇಕ್ಸ್‌ಪಿಯರ್‌ದೇ, ಅದರ ಲಯ ಇಂಗ್ಲಿಷ್ ಮಾತಿನ ಲಯ, ಅದನ್ನ ಎಳೆದು ಮಿಯಾಕೊ-ಬುಶಿಗೆ ಕಟ್ಟೋಕೆ ಹೋದ್ರೆ ಮಾತೂ ಕೆಡತ್ತೆ ರಾಗನೂ ಕೆಡತ್ತೆ. ಅಂದಹಾಗೆ ಇನ್ನೊಂದ್ಸಲ ನೋಡೋದಾದ್ರೆ ಕಾಡಲ್ಲಿ ಹಾಡೋ ಅಮಿಯೆನ್ಸ್ ಅನ್ನೋ ಪಾತ್ರನ ಸ್ವಲ್ಪ ಗಮನಿಸಿ, ಅದನ್ನ ಮಾಡಿರೋದು ಡಾಯ್ಲ್ ಅವರೇ.